ರತ್ನವ್ವನ ಹೂಂ

ಪೊಲೀಸ್ ಸ್ಟೇಷನ್ನಿನ ಎತ್ತರದ ಕೌಂಟರಿನ ಮುಂದೆ ನಿಂತಾಗಲೂ ರತ್ನವ್ವ ತನ್ನನ್ನು ಸಾಕ್ಷಿ ಕೇಳಲು ಕರೆತಂದಿದ್ದಾರೆ ಎಂದೇ ತಿಳಿದಿದ್ದಳು. ಪಕ್ಕದ ಮನೆಯ ಮೋರೀನ್ ಹೇಗೆ ಬಿದ್ದಳೆಂದು ಹೇಳಿಬಿಟ್ಟರೆ ಮಧ್ಯಾಹ್ನದ ರೊಟ್ಟಿ ಬಡಿಯುವ ಹೊತ್ತಿಗೆ ಮನೆ ಸೇರಬಹುದು ಅಂದುಕೊಂಡಿದ್ದಳು. ಕೌಂಟರಿನ ಹಿಂದಿನ ಸಾರ್ಜೆಂಟ್ ಬಳೆ ಬಿಚ್ಚಿರೆಂದು ಸನ್ನೆ ಮಾಡಿದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು. ಸಾಕ್ಷಿ ಹೇಳುವವರ ಬಳೆಯನ್ನು ಯಾವ ದೇಶದಲ್ಲೂ ಬಿಚ್ಚಿಸುವುದಿಲ್ಲ.

ಕೌಂಟರಿನ ಮೇಲಿದ್ದ ಫೋನಿನೊಳಗಿಂದ ಒಂದು ಹೆಣ್ಣುದನಿ ಕನ್ನಡದಲ್ಲಿ ಮಾತಾಡಿತು.

"ಅಮ್ಮಾ, ನಾನು ಸ್ಟೆಫನಿ, ದುಭಾಷಿ. ನಮ್ಮದು ಉಡುಪಿ ಕಡೆ. ಅವರು ಹೇಳಿದ್ದನ್ನು ನಿಮಗೆ, ನೀವು ಹೇಳಿದ್ದನ್ನು ಅವರಿಗೆ ಹೇಳುವುದು, ಅಷ್ಟೇ ನನ್ನ ಕೆಲಸ. ನಿಮ್ಮನ್ನು ಅರೆಸ್ಟ್ ಮಾಡಿದ್ದಾರೆ. ಮೋರೀನ್ ಅವರನ್ನು ದೂಡಿ ಗಂಭೀರ ಗಾಯ ಮಾಡಿದ್ದೀರಿ ಅಂತ ಸಂಶಯ."

"ದೂಡೂದು ಅಂದ್ರ ಏನವ್ವಾ?"

"ನೂಕುವುದು."

"ನಾನ? ಅಕೀನ್ನ? ಶಿವನ!" ರತ್ನವ್ವ ಕೌಂಟರಿನ ಅಂಚು ಹಿಡಿದುಕೊಂಡಳು.

ಬೆಳಿಗ್ಗೆ ನಡೆದದ್ದು ಇಷ್ಟು. ಲಂಡನ್ನಿನ ಹೇಸ್‌ನಲ್ಲಿರುವ ಅವರ ಬೀದಿಯಲ್ಲಿ ಗುರುವಾರ ಕಸದ ಗಾಡಿ ಬರುತ್ತದೆ. ಮಗಳ ಬಾಣಂತನಕ್ಕೆಂದು ಧಾರವಾಡದ ಕಡೆಯಿಂದ ಬಂದ ರತ್ನವ್ವ ತಮ್ಮ ಮನೆಯ ಕಸದ ಡಬ್ಬಿಯ ಜೊತೆ ಒಂಟಿ ಮುದುಕಿ ಮೋರೀನ್‌ಳದ್ದನ್ನೂ ರಸ್ತೆಯವರೆಗೆ ಎಳೆದಿಡುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಒಬ್ಬಳು ಶೇಂಗಾ ಉಂಡೆ ಕೊಡುವುದು, ಇನ್ನೊಬ್ಬಳು ಬಿಸ್ಕತ್ತು ಕೊಡುವುದು ನಡೆದಿತ್ತು. ಈ ಗುರುವಾರ ಮೋರೀನ್‌ಗೆ ತಾನೇ ಎಳೆಯುವ ಹಟ. ಬಾಗಿಲ ಮುಂದಿನ ಮೆಟ್ಟಿಲು ಒದ್ದೆಯಾಗಿತ್ತು, ಅವಳ ಕಾಲಲ್ಲಿದ್ದದ್ದು ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ. ಡಬ್ಬಿಯ ಹಿಡಿಕೆಯನ್ನು ಇವಳೊಮ್ಮೆ ಜಗ್ಗಿದಳು, ಅವಳೊಮ್ಮೆ ಜಗ್ಗಿದಳು. ಕಾಲು ಜಾರಿತು. ರತ್ನವ್ವ ಮುದುಕಿಯ ತೋಳನ್ನು ಹಿಡಿದಳು, ಹಿಡಿತ ನಿಲ್ಲಲಿಲ್ಲ. ಮೋರೀನ್ ಬಿದ್ದು, ತಲೆ ಮೆಟ್ಟಿಲಿಗೆ ಬಡಿದು, ಮಾತಿಲ್ಲದೆ ಮಲಗಿದಳು. ಇಬ್ಬರು ಜಗ್ಗಾಡುವುದನ್ನು, ಒಬ್ಬಳು ಬೀಳುವುದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿದರು. ಪೊಲೀಸರಿಗೆ ಫೋನ್ ಮಾಡಿದರು.

ಸಾರ್ಜೆಂಟ್ ಒಂದೊಂದೇ ಹಕ್ಕನ್ನು ಹೇಳುತ್ತ ಹೋದ, ಸ್ಟೆಫನಿ ಕನ್ನಡಕ್ಕೆ ತಂದಳು. ಬಂಧಿಸಿದ ಕಾರಣ ತಿಳಿಯುವ ಹಕ್ಕಿದೆ. ಮನೆಯವರಿಗೆ ಸುದ್ದಿ ಮುಟ್ಟಿಸುತ್ತಾರೆ. ದುಭಾಷಿಯನ್ನು ಕೊಡುತ್ತಾರೆ. ವಕೀಲರು ಪುಕ್ಕಟೆ ಸಿಗುತ್ತಾರೆ.

"ವಕೀಲ್ರು ಬ್ಯಾಡ್ರಿ," ಎಂದಳು ರತ್ನವ್ವ. "ವಕೀಲ್ರನ್ನ ಕೇಳಿದ್ರ ನಂದಽ ತಪ್ಪೈತಿ ಅಂದಂಗ ಆಕ್ಕೈತಿ."

ಎಷ್ಟೋ ಜನ ಇಲ್ಲೇ ಎಡವುವುದು. ತಪ್ಪಿಲ್ಲದವರಿಗೆ ವಕೀಲರೇಕೆ ಎಂದುಕೊಳ್ಳುತ್ತಾರೆ. ತಪ್ಪಿಲ್ಲದವರಿಗೇ ತಾವು ಏನು ಹೇಳಿ ಸಿಕ್ಕಿಬೀಳಬಹುದು ಎಂಬ ಅಂದಾಜು ಇರುವುದಿಲ್ಲ.

ಪುಣ್ಯಕ್ಕೆ ಮಗಳಿಗೆ ಫೋನ್ ಹಚ್ಚಿಕೊಟ್ಟರು. ಸ್ಫೂರ್ತಿ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ, ಏಳು ತಿಂಗಳ ಬಸುರಿ.

"ಅವ್ವಾ, ನಾ ಹೇಳೂದು ಕೇಳು. ವಕೀಲ್ರು ಬೇಕು ಅನ್ನು. ಅವ್ರು ಬರೂತನಕ ಬಾಯಿ ತೆಗೀಬ್ಯಾಡ."

"ಹೂಂ."

"ನಿನ್ನ ಮ್ಯಾಲ ಚಾರ್ಜ್ ಹಾಕಿದ್ರ ಕೋರ್ಟ್ ಆಕ್ಕೈತಿ. ವೀಸಾ ಹೋಗತೈತಿ. ನನ್ನ ಹೆರಿಗಿಗೆ ನೀ ಇರಂಗಿಲ್ಲ. ತಿಳೀತಿಲ್ಲೋ?"

"ಹೂಂ," ಎಂದಳು ರತ್ನವ್ವ.

ಬಳೆ ಬಿಚ್ಚಿಸಿ ಕೊರಳಿಗೆ ಬಂದಾಗ ಇನ್ನೊಂದು ತೊಡಕು. ಅಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಲಾಕಪ್ ಕೋಣೆಯೊಳಗೆ ದಾರ ಬಿಡುವಂತಿಲ್ಲ, ಯಾರಾದರೂ ಕೊರಳಿಗೆ ಬಿಗಿದುಕೊಂಡಾರು ಎಂಬ ಭಯ. ರತ್ನವ್ವ ಎರಡೂ ಕೈ ಎದೆಗೆ ಒತ್ತಿ ನಿಂತಳು. ಒಂಬತ್ತನೆಯ ವಯಸ್ಸಿನಿಂದ ಅದು ಮೈಬಿಟ್ಟು ಹೋದದ್ದಿಲ್ಲ. ಸಾರ್ಜೆಂಟ್ ಒಳಗೆ ಯಾರನ್ನೋ ಕೇಳಿಬಂದ. ದಾರ, ಕರಡಿಗೆ ಇಲ್ಲಿರಲಿ, ಲಿಂಗ ಕೈಯಲ್ಲಿರಲಿ ಎಂದ. ಅವಳು ಅದನ್ನು ಬಿಳಿ ವಸ್ತ್ರದ ತುಂಡಿನಲ್ಲಿ ಸುತ್ತಿ ಎಡಗೈ ಮುಷ್ಟಿಯಲ್ಲಿಟ್ಟುಕೊಂಡಳು. ಆಮೇಲೆ ಕೋಣೆಯ ಬಾಗಿಲು ಮುಚ್ಚಿತು.

ವಕೀಲ ಹಾರ್ಟ್ಲಿ ಬಂದಾಗ ಸ್ಟೆಫನಿಯೂ ಬಂದಿದ್ದಳು, ಫೋನಿನ ದನಿಗಿಂತ ಚಿಕ್ಕ ವಯಸ್ಸಿನ ಹುಡುಗಿ, ತೋಳಿನ ಮೇಲೆ ಒದ್ದೆ ರೇನ್‌ಕೋಟು. ಮೂವರೇ ಕೂತ ಸಣ್ಣ ಕೋಣೆ. ಇಲ್ಲಿ ಆಡಿದ್ದು ಪೊಲೀಸರಿಗೆ ಹೋಗುವುದಿಲ್ಲ ಎಂದು ಹಾರ್ಟ್ಲಿ ಮೊದಲೇ ಹೇಳಿದ.

"ಹೂಂ."

"ಒಳಗೆ ಪ್ರಶ್ನೆ ಕೇಳುತ್ತಾರೆ. ನೀವು ಏನೂ ಹೇಳಬೇಕೆಂದಿಲ್ಲ."

"ಹೂಂ."

"ಆದರೆ ಈಗ ಮುಚ್ಚಿಟ್ಟ ಮಾತನ್ನು ಮುಂದೆ ಕೋರ್ಟಿನಲ್ಲಿ ಎತ್ತಿದರೆ, ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಅದು ನಿಮಗೆ ಪೆಟ್ಟು."

"ಹೂಂ."

"ನೀವು ಏನು ಹೇಳಿದರೂ ಅದು ಸಾಕ್ಷಿ."

"ಹೂಂ."

ಒಂದೊಂದು ಹೂಂ ಬಂದಾಗಲೂ ಸ್ಟೆಫನಿ "ಯೆಸ್" ಎಂದು ಇಂಗ್ಲಿಷಿಗೆ ಕೊಡುತ್ತಿದ್ದಳು. ಹಾರ್ಟ್ಲಿಗೆ ಸಮಾಧಾನವಾಯಿತು, ಚುರುಕು ಹೆಂಗಸು, ಎಲ್ಲ ತಿಳಿಯುತ್ತಿದೆ. ಅವನು ಕನ್ನಡಕ ಮೇಲೇರಿಸಿದ.

"ತೊಂದರೆ ಏನೆಂದರೆ, ಬಂದ ಪೊಲೀಸನ ಎದೆಯ ಮೇಲೆ ಕ್ಯಾಮೆರಾ ಇತ್ತು. ಆಕೆಯನ್ನು ನೂಕಿದಿರಾ ಅಂತ ಅವನು ಕೇಳಿದ್ದಾನೆ, ಹೌದು ಅಂದಿದ್ದೀರಿ. ಅಂದರೆ ನೂಕಿದ್ದನ್ನು ನೀವು ಒಪ್ಪಿಕೊಂಡಿದ್ದೀರಿ."

"ಹೂಂ," ಎಂದಳು ರತ್ನವ್ವ.

ಸ್ಟೆಫನಿ ಬಾಯಿ ತೆರೆದವಳು ತಡೆದಳು. ಆದರೆ ಕಿವಿಗೆ ಬಿದ್ದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಅಧಿಕಾರ ದುಭಾಷಿಗಿಲ್ಲ. "ಯೆಸ್," ಎಂದಳು.

ಹಾರ್ಟ್ಲಿ ಪೆನ್ನು ಕೆಳಗಿಟ್ಟ. ಅವನ ಮುಖ ಇಳಿದದ್ದನ್ನು ಓದಲು ರತ್ನವ್ವನಿಗೆ ಯಾವ ದುಭಾಷಿಯೂ ಬೇಕಿರಲಿಲ್ಲ.

"ಏನಾತವ್ವಾ? ಸಾಹೇಬ್ರ ಮಾರಿ ಯಾಕ ಸಣ್ಣಾತು?"

"ನೂಕಿದ್ದು ಹೌದು ಅಂತ ಈಗ ನೀವೇ ಹೇಳಿದ್ರಲ್ಲ, ಅಮ್ಮಾ."

"ನಾ ಯಾವಾಗ ಅಂದೆ?"

"ಹೂಂ ಅಂದ್ರಿ."

"ಹೂಂ ಅಂದ್ರ ಹೌದು ಅಂತೇನ?" ರತ್ನವ್ವನ ದನಿ ಏರಿತು. "ಹೂಂ ಅಂದ್ರ ಕೇಳಾಕತ್ತೇನಿ, ಮುಂದ ಹೇಳ್ರಿ ಅಂತ! ನೀವು ಕಥಿ ಕೇಳೂಮುಂದ ಹೂಂ ಅನ್ನಂಗಿಲ್ಲೇನು? ನಮ್ಮ ಮಾವ ಕಥಿ ಹೇಳೂಮುಂದ ನಾವು ಹೂಂ ಅನ್ನೂದು ನಿಲ್ಲಿಸಿದ್ರ ಕಥೀನಽ ನಿಲ್ಲಿಸ್ತಿದ್ದ. ದೊಡ್ಡವ್ರು ಮಾತಾಡೂಮುಂದ ಕಲ್ಲಿನಂಗ ಕುಂದ್ರಬೇಕೇನು?"

ಸ್ಟೆಫನಿಯ ಕಿವಿ ಕೆಂಪಾಯಿತು. ಅಜ್ಜಿ ಕೊಂಕಣಿಯಲ್ಲಿ ಕತೆ ಹೇಳುವಾಗ ಅವಳೂ ಹೂಂಗುಟ್ಟಿದವಳೇ. ಅವಳು ಹಾರ್ಟ್ಲಿಯ ಕಡೆ ತಿರುಗಿ, ಇದು ನನ್ನ ಅನುವಾದದ ತಪ್ಪು, ಸರಿಪಡಿಸಬೇಕು ಎಂದು ಬಿಡಿಸಿ ಹೇಳಿದಳು. ನಮ್ಮ ಕಡೆ ಹೂಂ ಒಪ್ಪಿಗೆಯೂ ಆಗಬಹುದು, ಬರೀ ಕೇಳಿಸಿಕೊಳ್ಳುವ ಸದ್ದೂ ಆಗಬಹುದು.

ಹಾರ್ಟ್ಲಿ ನಗಲಿಲ್ಲ. "ಆದರೆ ಪೊಲೀಸನಿಗೆ ಇವರು ಹೂಂ ಅಂದಿಲ್ಲ. ಇಂಗ್ಲಿಷಿನಲ್ಲೇ ಯೆಸ್ ಅಂದಿದ್ದಾರೆ."

ಮಾತು ಕನ್ನಡಕ್ಕೆ ಬಂದಾಗ ರತ್ನವ್ವ ಹಣೆ ಚಚ್ಚಿಕೊಂಡಳು. "ಇಲ್ಲಿ ಹೂಂ ಅಂದ್ರ ಯಾರಿಗೂ ತಿಳಿಯಂಗಿಲ್ಲಂತ ಮಗಳು ಯೆಸ್ ಯೆಸ್ ಅನ್ನು ಅಂತ ಕಲಿಸ್ಯಾಳ. ಅಂಗಡ್ಯಾಗ ಅಂತೇನಿ, ಬಸ್ಸಿನ್ಯಾಗ ಅಂತೇನಿ. ಇವತ್ತ ಮುದುಕಿ ಸತ್ತಳೇನೋ ಅಂತ ನನ್ನ ಕೈಕಾಲು ನಡಗಾಕತ್ತಿದ್ವು. ಎಲ್ಲಾರಿಗೂ ಅಂದೇನಿ. ಆ ಪೊಲೀಸಪ್ಪನ ಹೆಗಲ ಮ್ಯಾಲ ಒಂದು ಡಬ್ಬಿ ಮಾತಾಡ್ತಿತ್ತಲ್ಲ, ಅದಕ್ಕೂ ಅಂದೇನಿ ಕಾಣಿಸ್ತೈತಿ!"

ಹಾರ್ಟ್ಲಿ ಪೆನ್ನು ಮತ್ತೆ ಎತ್ತಿಕೊಂಡ. ಹೆಗಲ ಮೇಲಿನ ಡಬ್ಬಿ ಎಂದರೆ ವೈರ್‌ಲೆಸ್.

ಅವನು ಹೇಳಿದ ಉಪಾಯ ಸರಳವಾಗಿತ್ತು. ನಡೆದದ್ದನ್ನು ಒಂದೇ ಸಲ, ನಿಮ್ಮದೇ ಮಾತಿನಲ್ಲಿ ಪೂರ್ತಿ ಹೇಳಿ. ಉಳಿದ ಪ್ರಶ್ನೆಗಳಿಗೆ ಹೇಳುವುದಿದ್ದರೆ ಪೂರ್ತಿ ವಾಕ್ಯದಲ್ಲಿ ಹೇಳಿ, ಇಲ್ಲವೇ ಸುಮ್ಮನಿರಿ. ಆದರೆ ಅಲ್ಲಿ ಎಲ್ಲ ರೆಕಾರ್ಡ್ ಆಗುತ್ತದೆ, ದಯವಿಟ್ಟು ಒಂದೂ ಹೂಂ ಬೇಡ. ಯೆಸ್ ಬೇಡ. ತಲೆ ಆಡಿಸುವುದೂ ಬೇಡ.

"ಉಸಿರಾದ್ರೂ ಆಡಬಹುದಂತೇನು, ಕೇಳು," ಎಂದಳು ರತ್ನವ್ವ. ಸ್ಟೆಫನಿ ಅದನ್ನೂ ಅನುವಾದಿಸಿದಳು. ಹಾರ್ಟ್ಲಿ ಮೊದಲ ಬಾರಿಗೆ ಮುಗುಳ್ನಕ್ಕ.

ಪ್ರಶ್ನೆ ಕೇಳುವ ಅಧಿಕಾರಿ ಮೃದು ದನಿಯ ಹೆಂಗಸು. ಗದರುವವರ ಮುಂದೆ ಸುಮ್ಮನಿರುವುದು ಸುಲಭ. ಈಕೆ ಒಂದೊಂದು ವಾಕ್ಯ ಹೇಳಿ ನಿಲ್ಲಿಸಿ, ರತ್ನವ್ವನ ಮುಖ ನೋಡಿ, ಕಾಯುತ್ತಿದ್ದಳು.

ರತ್ನವ್ವ ಮೊದಲು ತನ್ನದನ್ನು ಹೇಳಿದಳು: ಡಬ್ಬಿ, ಒದ್ದೆ ಮೆಟ್ಟಿಲು, ಮೆತ್ತನೆ ಚಪ್ಪಲಿ, ತಾನು ಹಿಡಿದ ತೋಳು. ಆಮೇಲೆ ಅವಳ ನಿಜವಾದ ಪರೀಕ್ಷೆ ಶುರುವಾಯಿತು.

"ಎದುರು ಮನೆಯವರು ನಿಮ್ಮಿಬ್ಬರ ಜಗ್ಗಾಟ ನೋಡಿದ್ದಾರೆ," ಎಂದಳು ಅಧಿಕಾರಿ. ಸ್ಟೆಫನಿ ಕನ್ನಡಕ್ಕೆ ತಂದಳು. ಮಾತು ಮುಗಿದ ಜಾಗದಲ್ಲಿ ಒಂದು ಹೂಂ ಬೀಳಬೇಕಿತ್ತು. ಅದು ಗಂಟಲವರೆಗೆ ಬಂತು. ರತ್ನವ್ವ ಮುಷ್ಟಿಯೊಳಗಿನ ಲಿಂಗವನ್ನು ಒತ್ತಿ ಹಿಡಿದಳು.

"ನಿಮಗೆ ಸಿಟ್ಟು ಬಂದಿರಬಹುದು. ಸಹಾಯ ಮಾಡಲು ಹೋದರೆ ಆಕೆ ಬಿಡುತ್ತಿಲ್ಲ."

ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಅರ್ಧ ಹೇಳಿ ನಿಂತ ಕಥೆಯಂತೆ ಮೌನ ಕೋಣೆಯ ತುಂಬ ತೂಗುತ್ತಿತ್ತು. ಎದುರಿನವರು ಮಾತಾಡುವಾಗ ಬಾಯಿಗೆ ಬೀಗ ಹಾಕಿ ಕೂತವಳನ್ನು ಅವಳ ಊರಿನಲ್ಲಿ ಸೊಕ್ಕಿನವಳು ಎನ್ನುತ್ತಾರೆ. ಈ ಮೃದು ದನಿಯವಳೂ ಹಾಗೇ ಅಂದುಕೊಳ್ಳುತ್ತಾಳೆ ಎಂದು ಅವಳಿಗೆ ನಾಚಿಕೆಯಾಯಿತು.

"ಒಂದು ಕ್ಷಣದ ಸಿಟ್ಟು. ನೂಕಬೇಕೆಂದು ನೂಕಿದ್ದಲ್ಲ. ಅಲ್ಲವೇ?"

"ಹೂ..."

ಅರ್ಧ ಸದ್ದು ಹೊರಬಿತ್ತು. ರತ್ನವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎಲ್ಲರೂ ಸ್ಟೆಫನಿಯ ಕಡೆ ನೋಡಿದರು. ಅವಳು ಅಧಿಕಾರಿಯ ಕಡೆ ತಿರುಗಿದಳು. "ಅವರು ಒಂದು ಸದ್ದು ಮಾಡಿದರು. ಅದು ಪದವಲ್ಲ. ಅದಕ್ಕೆ ನಾನು ಅರ್ಥ ಕೊಡಲಾರೆ," ಎಂದಳು.

ರತ್ನವ್ವ ಸೆರಗು ತೆಗೆದು ಪೂರ್ತಿ ವಾಕ್ಯದಲ್ಲಿ ಹೇಳಿದಳು: "ನಾ ಅಕೀನ್ನ ನೂಕಿಲ್ಲ. ಬೀಳೂಮುಂದ ಹಿಡದೇನಿ."

ಅಧಿಕಾರಿ ವಿಡಿಯೊ ಹಾಕಿದಳು. ಪರದೆಯ ಮೇಲೆ ಮೆಟ್ಟಿಲ ಪಕ್ಕ ನಿಂತ ರತ್ನವ್ವ. ನೀವು ಆಕೆಯನ್ನು ನೂಕಿದಿರಾ? "ಯೆಸ್ ಯೆಸ್." ವಿಡಿಯೊ ನಿಂತಿತು. ಆ ದನಿ ಎಷ್ಟು ಖಚಿತವಾಗಿತ್ತೆಂದರೆ ರತ್ನವ್ವನಿಗೇ ಒಂದು ಗಳಿಗೆ ತನ್ನ ಮೇಲೆ ಸಂಶಯ ಬಂತು.

"ಮೊದಲಿನಿಂದ ಹಾಕಿ," ಎಂದ ಹಾರ್ಟ್ಲಿ.

ಅಧಿಕಾರಿ ಹುಬ್ಬೇರಿಸಿದಳು, ಆದರೂ ಹಾಕಿದಳು. ಪೊಲೀಸ್ ಗೇಟು ದಾಟಿ ಬರುತ್ತಾನೆ. ನೀವು ಇವರ ತಂಗಿಯೇ? "ಯೆಸ್ ಯೆಸ್." ಹಾರ್ಟ್ಲಿ ಅದನ್ನು ಬರೆದುಕೊಂಡ. ಪೊಲೀಸ್ ಮೋರೀನ್‌ಳ ಬಳಿ ಕೂರುತ್ತಾನೆ. ಅವನ ಹೆಗಲ ಮೇಲಿನ ವೈರ್‌ಲೆಸ್ ಗರಗರ ಸದ್ದು ಮಾಡುತ್ತದೆ: ಆಂಬುಲೆನ್ಸ್ ಬೀದಿಯ ತಿರುವಿಗೆ ಬಂದಿದೆ, ಕೇಳಿಸಿತೇ? ಪೊಲೀಸ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನಡುಗುವ ದನಿಯೊಂದು ವಿನಯದಿಂದ ಉತ್ತರಿಸುತ್ತದೆ.

"ಯೆಸ್ ಯೆಸ್."

ಹಾರ್ಟ್ಲಿ ಕೈ ಎತ್ತಿದ. "ನನ್ನ ಕಕ್ಷಿದಾರರು ಲಂಡನ್ ಪೊಲೀಸರ ವೈರ್‌ಲೆಸ್ಸಿಗೂ ತಪ್ಪೊಪ್ಪಿಕೊಂಡಿದ್ದಾರೆ. ದಾಖಲಾಗಲಿ."

ಅಧಿಕಾರಿ ಆ ಭಾಗವನ್ನು ಮತ್ತೊಮ್ಮೆ ಹಾಕಿ ನೋಡಿದಳು. ಮೃದು ದನಿ ಬದಲಾಗಲಿಲ್ಲ, ಆದರೆ ಆಮೇಲೆ ನೂಕುವುದರ ಪ್ರಶ್ನೆ ಬರಲಿಲ್ಲ. ಮೆಟ್ಟಿಲಿನ ಬಗ್ಗೆ ಕೇಳಿದಳು, ಚಪ್ಪಲಿಯ ಬಗ್ಗೆ ಕೇಳಿದಳು.

ಅಂದು ಚಾರ್ಜ್ ಹಾಕಲಿಲ್ಲ. ಪೂರ್ತಿ ಬಿಡಲೂ ಇಲ್ಲ. ಆಸ್ಪತ್ರೆಯಲ್ಲಿ ಮೋರೀನ್‌ಗೆ ಎಚ್ಚರವಾಗಿ ಅವಳ ಹೇಳಿಕೆ ಸಿಗುವವರೆಗೆ ಜಾಮೀನು. ಮೋರೀನ್‌ಳ ಮನೆ, ಅಂಗಳ, ಅವಳ ಯಾವ ವಸ್ತುವಿನ ಹತ್ತಿರವೂ ರತ್ನವ್ವ ಹೋಗುವಂತಿಲ್ಲ. ಸಾರ್ಜೆಂಟ್ ಇದನ್ನೆಲ್ಲ ಹೇಳಿ, ತಿಳಿಯಿತೇ ಎಂದು ಕೇಳಿದ. ರತ್ನವ್ವ ತುಟಿ ಬಿಗಿದು ನಿಂತಳು. ಅವನು ಮತ್ತೆ ಕೇಳಿದ.

"ಅಮ್ಮಾ, ಈಗ ಹೇಳಬಹುದು," ಎಂದಳು ಸ್ಟೆಫನಿ.

"ಮೋರೀನ್ ಮನಿಗೆ ಹೋಗೂ ಹಂಗಿಲ್ಲ ಅನ್ನೂದು ನಂಗ ತಿಳೀತು ಅಂತ ಹೇಳವ್ವಾ."

ಕರಡಿಗೆ, ಶಿವದಾರ, ಬಳೆ ವಾಪಸ್ಸು ಕೊಟ್ಟರು. ಹೊರಗೆ ಅಳಿಯ ಶಶಿಧರ ಕಾರು ಹಿಡಿದು ಕಾದಿದ್ದ. ದಾರಿಯುದ್ದಕ್ಕೂ ಅವನು ಧೈರ್ಯ ಹೇಳಿದ. ಅತ್ತೆಯ ಕಡೆಯಿಂದ ಒಂದು ಸದ್ದೂ ಬರಲಿಲ್ಲ. ಸಿಟ್ಟಾಗಿದ್ದಾಳೆ ಎಂದುಕೊಂಡು ಅವನೂ ಸುಮ್ಮನಾದ.

ಮುಂದಿನ ಗುರುವಾರ ಬಂತು. ಮೋರೀನ್‌ಳ ಡಬ್ಬಿ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು. ಮುಚ್ಚಳ ಅರ್ಧ ತೆರೆದು, ಒಳಗಿನದು ನಾರುತ್ತಿತ್ತು. ಮುಟ್ಟುವಂತಿಲ್ಲ. ರತ್ನವ್ವ ತಮ್ಮ ಡಬ್ಬಿಯೊಂದನ್ನೇ ರಸ್ತೆಗೆ ಎಳೆದಿಟ್ಟು ಬಂದು ಅಡಿಗೆಮನೆಯ ಕಿಟಕಿಯ ಬಳಿ ನಿಂತಳು. ಕಸದ ಗಾಡಿ ತಿರುವಿನಲ್ಲಿ ಗುರುಗುಡುವಾಗ ಕೆಲಸದಲ್ಲಿದ್ದ ಸ್ಫೂರ್ತಿಯ ಫೋನ್ ಬಂತು.

"ಅವ್ವಾ, ವಕೀಲ್ರು ಫೋನ್ ಮಾಡಿದ್ರು. ಮೋರೀನ್ ಮಾತಾಡ್ಯಾಳಂತ."

ರತ್ನವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"'ನನ್ನ ಕಾಲು ಜಾರಿತು, ಅಕಿ ಹಿಡೀಲಿಲ್ಲಾಂದ್ರ ನನ್ನ ಬುರುಡಿನಽ ಒಡೀತಿತ್ತು' ಅಂದ್ಲಂತ. ಅಕೀನ್ನ ಯಾಕ ಹಿಡಕೊಂಡು ಹೋದ್ರಿ ಅಂತ ಪೊಲೀಸ್ರಿಗೇ ಬೈದ್ಲಂತ. ಕೇಸ್ ಬಿಟ್ರು ಅವ್ವಾ. ಚಾರ್ಜ್ ಇಲ್ಲ, ಕೋರ್ಟ್ ಇಲ್ಲ, ಜಾಮೀನೂ ಇಲ್ಲ."

ಈ ಕಡೆಯಿಂದ ಏನೂ ಇಲ್ಲ.

"ಅವ್ವಾ? ಲೈನ್‌ನ್ಯಾಗ ಅದೀಯೋ ಇಲ್ಲೋ? ಒಂದು ವಾರಾತು, ನಿನ್ನ ಜೋಡಿ ಮಾತಾಡಿದ್ರ ಗ್ವಾಡಿ ಜೋಡಿ ಮಾತಾಡಿದಂಗ ಆಗೇತಿ. ನನ್ನ ಮ್ಯಾಲ ಸಿಟ್ಟೈತೇನು?"

ರತ್ನವ್ವ ಅಡಿಗೆಮನೆಯನ್ನು ಒಮ್ಮೆ ಸುತ್ತ ನೋಡಿದಳು. ಎದುರಿಗೆ ಯಾರೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲು ತೆರೆದು, ಮೋರೀನ್‌ಳ ಗೇಟು ದೂಡಿಕೊಂಡು ಒಳಗೆ ಹೋಗಿ ಡಬ್ಬಿಯ ಹಿಡಿಕೆ ಹಿಡಿದಳು.

"ಹೂಂ," ಎಂದಳು. "ಹೇಳು ಮುಂದ."