ಎರಡನೆಯ ಬೇಸ್ ಮರೆತ ಹಾಲ್ವರ್

ಎದುರಾಳಿ ಕಾಲೇಜಿನ ಎರಡೂ ತಂಡಗಳು ಒಂದೇ ರೈಲಿನಲ್ಲಿ ಬರುತ್ತಿದ್ದವು. ಹಾಗಾಗಿ ಬೇಸ್‌ಬಾಲ್ ಪಂದ್ಯ, ಓಟದ ಸ್ಪರ್ಧೆ ಎರಡೂ ಒಂದೇ ಶನಿವಾರ. ನಡುವೆ ಒಂದು ಹಲಗೆ ಬೇಲಿ ಅಷ್ಟೆ. ಹಾಲ್ವರ್ ಎರಡು ಕಡೆಗೂ ಬೇಕಾದವನು. ಬೇಲಿ ಹಾರಿ ಹೋಗಿ ಉದ್ದ ಜಿಗಿತ ಗೆದ್ದಿದ್ದ, ಹಾರಿ ಬಂದು ಕ್ಯಾಚ್ ಹಿಡಿದಿದ್ದ. ಮಿನೆಸೋಟಾದ ಆ ಪುಟ್ಟ ಕಾಲೇಜಿನಲ್ಲಿ ಇಂಥವನೊಬ್ಬ ಸಿಕ್ಕರೆ ಬಿಡುವವರುಂಟೇ?

ಆದರೆ ಅವತ್ತು ಅವನ ಮನಸ್ಸೆಲ್ಲ ಸೀವರ್ಟ್ ಮೇಲಿತ್ತು. ನಾಲ್ಕು ವರ್ಷದಿಂದ ಚೆಂಡೆಸೆಯುತ್ತಿದ್ದ ಈ ಗೆಳೆಯ ಈ ಎದುರಾಳಿಗಳನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಇದೇ ಕೊನೆಯ ಪಂದ್ಯ. ಕಾಲೇಜು ಮುಗಿಸಿ ಮುಂದಿನ ವಾರದಿಂದ ಅವನು ಅಪ್ಪನ ಹಸುಗಳ ಹಾಲು ಕರೆಯಬೇಕು.

ಕೊನೆಯ ಸರದಿ. ರನ್ ಸಮ, ಇನ್ನೊಬ್ಬ ಔಟಾದರೆ ಸರದಿ ಮುಗಿಯಿತು. ಹಾಲ್ವರ್ ಮೊದಲ ಬೇಸಿನಲ್ಲಿದ್ದ, ಇನ್ನೊಬ್ಬ ಮೂರನೆಯದರಲ್ಲಿ. ಬೇಲಿಯಾಚೆಯಿಂದ ಓಟದ ಕೋಚ್ ಬರ್ಗಮ್ ಮೇಷ್ಟ್ರ ದನಿ ಬಂತು: "ಹಾಲ್ವರ್, ಕಾಲು ಮೈಲಿ ಓಟ ಕಣಯ್ಯಾ. ನಿನಗೆ ಆರತಿ ಎತ್ತಿ ಕರೀಬೇಕಾ?"

ಅಷ್ಟರಲ್ಲಿ ತಮ್ಮ ತಂಡದವನು ಹೊಡೆದ ಚೆಂಡು ದೂರ ಹೋಗಿ ಬಿತ್ತು. ಮೂರನೆಯ ಬೇಸಿನವನು ಓಡಿ ಬಂದು ಗೆಲುವಿನ ರನ್ ತಂದ. ಜನ ನುಗ್ಗಿ ಸೀವರ್ಟನನ್ನು ಹೆಗಲಿಗೇರಿಸಿದರು. ಹಾಲ್ವರ್ ಎರಡನೆಯ ಬೇಸಿನ ಅರ್ಧ ದಾರಿಯಿಂದಲೇ ಬೇಲಿಯತ್ತ ತಿರುಗಿದ.

ಒಂದು ಕಾಲು ಬೇಲಿಯ ಮೇಲಿಟ್ಟು ಹಿಂದಿರುಗಿ ನೋಡಿದ. ಎದುರಾಳಿ ತಂಡದ ಗಿಡ್ಡನೊಬ್ಬ ಜನರ ಕಾಲುಗಳ ನಡುವೆ ಚೆಂಡು ಹುಡುಕುತ್ತಿದ್ದ. ಹಾಲ್ವರನಿಗೆ ಆಗ ನೆನಪಾಯಿತು. ಚೆಂಡು ಹೊಡೆದ ಮೇಲೆ ಮೊದಲ ಬೇಸಿನವನು ಎರಡನೆಯದನ್ನು ಮುಟ್ಟಲೇಬೇಕು; ತಾನು ಮುಟ್ಟಿಯೇ ಇಲ್ಲ. ಚೆಂಡು ತನಗಿಂತ ಮೊದಲು ಅಲ್ಲಿಗೆ ಮುಟ್ಟಿದರೆ ತಾನು ಔಟ್, ಆ ರನ್ ನೀರಿನಲ್ಲಿ ಹೋಮ.

ಅವನು ವಾಪಸ್ ಓಡಿದ. ಹಿಂದೆ ಕಾಲು ಮೈಲಿ ಓಟದ ಪಿಸ್ತೂಲು ಢಂ ಎಂದಿತು. ಟೋಪಿಗಳನ್ನು, ಬೆನ್ನುಗಳನ್ನು ಸರಿಸುತ್ತಾ ಹುಟ್ಟಿದಾಗಿನಿಂದ ಓಡದಷ್ಟು ಜೋರಾಗಿ ಓಡಿದ. ಗಿಡ್ಡನ ಕಾಲು ಆಗಲೇ ಬೇಸ್ ಮೇಲಿತ್ತು, ಕೈಯಲ್ಲಿ ಚೆಂಡು.

"ಔಟ್. ರನ್ ಲೆಕ್ಕಕ್ಕಿಲ್ಲ," ಎಂದ ಅಂಪೈರ್.

ಸೀವರ್ಟ್ ಹೆಗಲಿನಿಂದಿಳಿದು ಬಂದ. ಹಾಲ್ವರ್ ತಲೆಯೆತ್ತಲಿಲ್ಲ. "ಬಯ್ಯೋ," ಎಂದ.

"ರಾತ್ರಿ ಊಟಕ್ಕೆ ಕೂತಾಗ ಬಯ್ತೀನಿ. ಅಲ್ಲೋ ದಡ್ಡ, ಆ ಓಟಾನೂ ಬಿಟ್ಟು ಬಂದ್ಯಾ? ಗ್ಲೌಸ್ ತಗೋ ನಡಿ." ಊದಿಕೊಂಡ ಮೊಣಕೈ ತಿಕ್ಕಿಕೊಳ್ಳುತ್ತಾ ಅವನು ಮತ್ತೆ ಎಸೆಯಲು ಹೋದ. ಹಾಲ್ವರನಿಗೆ ಬೈಗುಳವೇ ವಾಸಿ ಎನಿಸಿತು.

ರನ್ ಸಮವೇ ಉಳಿದದ್ದರಿಂದ ಆಟ ಮುಂದುವರಿಯಿತು, ಸರದಿಯ ಮೇಲೆ ಸರದಿ ಕಳೆಯಿತು. ಬಿಸಿಲು ಇಳಿಯುವ ಹೊತ್ತಿಗೆ ಹಾಲ್ವರ್ ಮತ್ತೆ ಮೊದಲ ಬೇಸಿನಲ್ಲಿದ್ದ, ಮತ್ತೊಬ್ಬ ಮೂರನೆಯದರಲ್ಲಿ. ಚೆಂಡು ದೂರ ಬಿತ್ತು, ರನ್ ಬಂತು. ಜನ ಮತ್ತೆ ನುಗ್ಗಿದರು. ಹಾಲ್ವರ್ ನೇರ ಎರಡನೆಯ ಬೇಸಿಗೆ ಓಡಿ ಎರಡೂ ಕಾಲೂರಿ ನಿಂತುಬಿಟ್ಟ. ಗದ್ದಲ ಮುಗಿಯಿತು, ಮೈದಾನ ಖಾಲಿಯಾಯಿತು, ಅವನು ಅಲ್ಲೇ ಇದ್ದ.

ಸೀವರ್ಟ್ ಹುಡುಕಿಕೊಂಡು ಬಂದ. "ಗೆದ್ವಿ ಕಣೋ. ಇಳಿ."

"ಅಂಪೈರ್ ಹೇಳ್ಲಿ."

"ಅವನು ಮನೆಗೆ ಹೋಗಿ ಊಟಕ್ಕೆ ಕೂತಾಯ್ತು."

ಹಾಲ್ವರ್ ಅಲ್ಲಾಡಲಿಲ್ಲ; ಅವನ ಕಣ್ಣು ತುಂಬಿತ್ತು. ಸೀವರ್ಟ್ ಒಂದು ಗಳಿಗೆ ಅವನನ್ನೇ ನೋಡಿದ.

"ಸರಿ, ಜರುಗು ಸ್ವಲ್ಪ," ಎಂದು ತಾನೂ ಬೇಸ್ ಮೇಲೆ ಒಂದು ಕಾಲಿಟ್ಟು ನಿಂತ.