ಯಾರೂ ತೆರೆಯದ ಎರಡನೇ ಆವೃತ್ತಿ

ಬೆಳಿಗ್ಗೆ ಹತ್ತಕ್ಕೆ ಎರಡನೇ ಆವೃತ್ತಿಯ ಕೈಪಿಡಿಯನ್ನು ಅಳಿಸಿ ಹಾಕಿ, ಖುಷಿಗೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ. ಲಾಂಡ್ರಿಗಳ ದೊಡ್ಡ ಯಂತ್ರಗಳಿಗೆ ನಮ್ಮ ಕಂಪನಿಯದೇ ಸಾಫ್ಟ್‌ವೇರು. ಅದರ ನಾಲ್ಕು ಆವೃತ್ತಿಗಳ ಕೈಪಿಡಿಗಳನ್ನೂ ವೆಬ್‌ಸೈಟಿನಲ್ಲಿ ಸಾಕುತ್ತಿರುವವಳು ನಾನು. ಎರಡನೆಯದನ್ನು ವರ್ಷದಿಂದ ಒಂದು ನರಪಿಳ್ಳೆಯೂ ತೆರೆದಿಲ್ಲ ಎಂದು ಸಭೆಯಲ್ಲಿ ಎದೆ ತಟ್ಟಿ ಹೇಳಿದ್ದೆ. ಮ್ಯಾನೇಜರ್ ತೆಗೆದುಬಿಡಿ ಎಂದಿದ್ದರು.

ಮಧ್ಯಾಹ್ನ ಒಂದಕ್ಕೆ ಅಕ್ಕನ ಫೋನು. ಅವಳದು ಲಾಂಡ್ರಿ. ಸಂಜೆ ನಾಲ್ಕರೊಳಗೆ ಹೊಸ ಹೋಟೆಲೊಂದರ ಬೆಡ್‌ಶೀಟುಗಳನ್ನು ಕೊಡದಿದ್ದರೆ ಆ ಗಿರಾಕಿ ಕೈತಪ್ಪಿದಂತೆಯೇ.

"ಬಾಗಿಲು ತೆಗೀತಾನೇ ಇಲ್ಲ ಕಣೇ! ನಿಮ್ಮ ವೆಬ್‌ಸೈಟಲ್ಲಿ ಹೇಳಿದ ಹಾಗೆ ಕೆಂಪು ಬಟನ್ ಒತ್ತಿದ್ರೆ ಮತ್ತೆ ಮೊದಲಿಂದ ಒಗೆಯತ್ತೆ. ಇದು ಮೂರನೇ ಸಲ!"

ನಕ್ಕುಬಿಟ್ಟೆ. ಮರುಕ್ಷಣವೇ ವಿಷಯ ಹೊಳೆಯಿತು. ಕೆಂಪು ಬಟನ್ನಿಗೆ ಬಾಗಿಲು ತೆರೆಯುವುದು ನಾಲ್ಕನೇ ಆವೃತ್ತಿಯಲ್ಲಿ. ಎರಡನೆಯದರಲ್ಲಿ ಅದೇ ಬಟನ್ ಒತ್ತಿದರೆ ಮತ್ತೆ ಒಗೆಯಲು ಶುರು.

"ನಿನ್ನದು ಎರಡನೇದಾ? ಮತ್ತೆ ವರ್ಷದಿಂದ ಕೈಪಿಡಿ ತೆರೆದೇ ಇಲ್ವಲ್ಲೇ ನೀನು!"

"ಯಾಕೆ ತೆರೀಲಿ? ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ನಿನ್ನೆ ಬಣ್ಣ ಹೊಡೆಯೋರು ಕಿತ್ತು ಬಿಸಾಕಿದ್ರು. ಇವತ್ತು ನೋಡಿದ್ರೆ ಆ ಪುಟವೇ ಇಲ್ಲ. ಯಾವ ಪುಣ್ಯಾತ್ಗಿತ್ತಿ ತೆಗೆದ್ಲೋ!"

"ಆ ಪುಣ್ಯಾತ್ಗಿತ್ತಿ ನಾನೇ ಅಕ್ಕ."

ಇಬ್ಬರಿಗೂ ನಗು ಬಂತು, ಹೊಟ್ಟೆ ಹುಣ್ಣಾಗುವಷ್ಟು. ಪುಣ್ಯಕ್ಕೆ ಅಳಿಸಿದ್ದರ ಪ್ರತಿ ನನ್ನ ಬಳಿ ಇತ್ತು. ಅದನ್ನು ತೆಗೆದು ಓದಿದೆ.

"ಒಗೆಯೋದು ನಿಲ್ಲಿಸು. ನೀರೆಲ್ಲ ಬಿಡು. ಈಗ ಹಸಿರು ಬಟನ್, ಎರಡು ಸಲ."

ಬಾಗಿಲು ಟಕ್ ಎಂದು ತೆರೆಯಿತು. ಅಕ್ಕ ಕಿರುಚಿದಳು, ನಾನೂ ಕಿರುಚಿದೆ. ಮ್ಯಾನೇಜರ್ ಓಡಿ ಬಂದರು.

"ಸರ್, ಎರಡನೇದನ್ನ ಯಾರೂ ತೆರೀತಿಲ್ಲ ನಿಜ. ಎಲ್ರೂ ಗೋಡೆ ಮೇಲೆ ಓದ್ತಿದಾರೆ!"

ಅವರು ನಂಬಲಿಲ್ಲ. ಎರಡನೇ ಆವೃತ್ತಿಯಿರುವ ಆರು ಲಾಂಡ್ರಿಗಳಿಗೆ ಅಲ್ಲೇ ಫೋನು ಹಚ್ಚಿದೆವು. ಐದರಲ್ಲಿ ಗೋಡೆಗೆ ಅಂಟಿಸಿದ್ದರು, ಒಂದರಲ್ಲಿ ಯಂತ್ರದ ನೆತ್ತಿಗೆ. ಮ್ಯಾನೇಜರ್ ಕೈಪಿಡಿಯನ್ನು ವಾಪಸ್ ಹಾಕಿಸಿದರು. ಯಾವ ಪುಟ ಯಾವ ಆವೃತ್ತಿಯದು ಎಂದು ಆಯಾ ಪುಟದ ನೆತ್ತಿಯ ಮೇಲೇ ದಪ್ಪಕ್ಷರದಲ್ಲಿ ಬರೆಯುತ್ತ ಕೂತೆ. ಕಣ್ಣು ಮಾತ್ರ ಗಡಿಯಾರದ ಮೇಲೇ ಇತ್ತು.

ನಾಲ್ಕು ದಾಟಿ ಐದು ನಿಮಿಷಕ್ಕೆ ಅಕ್ಕನ ಫೋನು.

"ಕೊಟ್ಟೆ ಕಣೇ, ಸರಿಯಾದ ಟೈಮಿಗೆ! ಹೋಟೆಲಿನೋರು ಇಷ್ಟು ಬೆಳ್ಳಗಿರೋ ಶೀಟು ಎಲ್ಲೂ ನೋಡಿಲ್ವಂತೆ, ಇನ್ಮೇಲೆ ದಿನಾ ಹೀಗೇ ಬೇಕಂತೆ. ಮೂರು ಮೂರು ಸಲ ಒಗೆಯೋದು ಹೇಗೆ ಅಂತ ಯಾವ ಪುಟದಲ್ಲಿ ಬರೆದಿದೀಯ ಹೇಳು, ಪ್ರಿಂಟ್ ತಗೋತೀನಿ!"