ನೀರಿನ ಕೆಳಗಿನ ತಗ್ಗು

ಎಷ್ಟೋ ವರ್ಷ ಒಣಗಿ ಬಿರಿದಿದ್ದ ಜಲಾಶಯ ತುಂಬಿದರೆ ಸುತ್ತಲಿನ ಹಳ್ಳಿಗಳ ಜನ ನೋಡಲು ಬರುತ್ತಾರೆ. ಬಂದವರು ನೋಡಿ ಸುಮ್ಮನೆ ಹೋಗುವುದಿಲ್ಲ, ನೀರಿಗೆ ಇಳಿಯುತ್ತಾರೆ. ಹಗರಿಬೊಮ್ಮನಹಳ್ಳಿ ಕಡೆಯ ಇಂಥ ಒಂದು ಜಲಾಶಯದ ಪಕ್ಕದಲ್ಲಿ ಸಣ್ಣದೊಂದು ಅರಣ್ಯ ಉದ್ಯಾನ ಇದೆ. ಬೇವು, ಹೊಂಗೆ ಗಿಡಗಳ ನಡುವೆ ಕಾಲುದಾರಿ, ಸಿಮೆಂಟಿನ ಬೆಂಚುಗಳು, ಬಣ್ಣ ಮಾಸಿದ ಜಾರುಬಂಡೆ. ದಾರಿ ಮುಗಿಯುವಲ್ಲಿ ತಂತಿಬೇಲಿ, ಬೇಲಿಯಾಚೆ ನೀರು. ಬೇಲಿ ಒಂದು ಕಡೆ ಬಗ್ಗಿದೆ. ಅದನ್ನು ಬಗ್ಗಿಸಿದ್ದು ಯಾರೋ ಒಬ್ಬರಲ್ಲ. ಇಳಿದವರೆಲ್ಲ ಒಂದಿಷ್ಟು ಬಗ್ಗಿಸಿದ್ದಾರೆ.

ಆ ಭಾನುವಾರ ಮೋಡ ಕವಿದಿತ್ತು. ಪಕ್ಕದ ಹಳ್ಳಿಯ ಪಾಲಯ್ಯ ತನ್ನ ಹೆಂಡತಿ ಕೆಂಚಕ್ಕ, ಹೊಸದಾಗಿ ಮದುವೆಯಾದ ಮಗಳು ಯಶೋಧಾ ಮತ್ತು ಹರಪನಹಳ್ಳಿಯ ಅಳಿಯ ಕನಕರಾಜನ ಜೊತೆ ಅಲ್ಲಿಗೆ ಬಂದ. ಕೆರೆ ತುಂಬಿದ ವರ್ಷ ಮನೆಯ ಹೊಸ ಜೋಡಿ ಮೊಳಕಾಲುದ್ದ ನೀರಲ್ಲಿ ನಿಂತು ಗಂಗವ್ವನ ಉಡಿ ತುಂಬಬೇಕು. ಅದು ಅವರ ಮನೆಯ ಪದ್ಧತಿ. ಕೆಂಚಕ್ಕನ ಬುಟ್ಟಿಯಲ್ಲಿ ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಹಸಿರು ಬಳೆ ಇದ್ದವು.

ಬೇಲಿಯ ಹತ್ತಿರ ಭರಮಮ್ಮ ಗಿಡಗಳಿಗೆ ಪಾತಿ ಮಾಡುತ್ತಿದ್ದಳು. ಉದ್ಯಾನದಲ್ಲಿ ಕೂಲಿ ಮಾಡುವ ಅವಳು ಕೆಂಚಕ್ಕನಿಗೆ ಮೊದಲಿನಿಂದ ಪರಿಚಯ. ಇವರು ಬಗ್ಗಿದ ಬೇಲಿಯ ಕಡೆ ಹೊರಟದ್ದನ್ನು ಕಂಡು ಎದ್ದು ನಿಂತಳು.

"ಪಾಲಣ್ಣ, ನೀರಿಗಿ ಇಳೀಬ್ಯಾಡ್ರಿ."

ಪಾಲಯ್ಯ ನಕ್ಕ. "ಏನ್ ಯಕ್ಕಾ, ಹೊಸಬರಿಗಿ ಹೇಳಿದಂಗ ಹೇಳ್ತಿ. ಒಣಗಿದ್ದಾಗ ಇದರಾಗ ಸೌತಿಕಾಯಿ ಬೆಳದೀನಿ, ಟ್ರ್ಯಾಕ್ಟರಿನಾಗ ಗೋಡು ಹೇರೀನಿ. ಈ ನೆಲ ನನ್ನ ಅಂಗೈ ಇದ್ದಂಗ ಐತಿ."

ಗೋಡು ಎಂದರೆ ಕೆರೆಯ ತಳದ ಕಪ್ಪು ಮಣ್ಣು. ಅದನ್ನು ಹೇರಿ ಹೊಲಕ್ಕೆ ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ. ಆ ಭಾಗದ ರೈತರೆಲ್ಲ ಹಾಕಿದ್ದಾರೆ.

"ಇವರ ಮಾತು ನಂಬಬ್ಯಾಡ್ರಿ ಅಳಿಯಂದ್ರ," ಎಂದಳು ಕೆಂಚಕ್ಕ. "ಮನಿಯಾಗ ತಮ್ಮ ಚಪ್ಪಲಿ ಎಲ್ಲದಾವು ಅಂತ ಗೊತ್ತಿರಂಗಿಲ್ಲ. ಕೆರಿ ತಳ ಗೊತ್ತಂತ."

"ಹಂಗಾದ್ರೆ ಮೊದಲು ಮಾವನ್ನೇ ಇಳಿಸಾನ ಬಿಡ್ರಿ ಅತ್ತೆ," ಎಂದ ಕನಕರಾಜ.

ಎಲ್ಲರೂ ನಕ್ಕರು. ಭರಮಮ್ಮ ನಗಲಿಲ್ಲ. ಅವಳ ಮುಖ ನೋಡಿದ ಕೆಂಚಕ್ಕ ಏನೋ ನೆನಪಾಗಿ, ಬುಟ್ಟಿಯನ್ನು ಕೆಳಗಿಟ್ಟು ತಲೆ ತಗ್ಗಿಸಿದಳು.

"ನನ್ನ ಮಗ ಮೌನೇಶನೂ ಹಿಂಗ ಅಂದಿದ್ದ," ಎಂದಳು ಭರಮಮ್ಮ. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಇಲ್ಲೇ ಕುರಿ ಕಾದು ಬೆಳದಾಂವ ನಾನು, ನನಗ ಹೇಳ್ತಿ ಏನವ್ವಾ ಅಂದ. ಹೋದ ವರ್ಷ ನೀರು ಬಂದಾಗ ಕಾಲು ತೊಳ್ಯಾಕ ಇಳದ. ಈಜು ಬರ್ತಿತ್ತು ಅವನಿಗಿ. ಹೂಳಿನಾಗ ಕಾಲು ಸಿಕ್ರ ಈಜು ಏನ್ ಮಾಡ್ತೈತಿ? ಹಿಡಿಯಾಕ ಹೋದ ಅವನ ಗೆಳೆಯಾನೂ ಮುಳುಗಾಕ ಹತ್ತಿದ್ದ. ನಾ ಸೀರಿ ಬಿಚ್ಚಿ ಒಗದೆ. ಆ ಹುಡುಗ ಹಿಡ್ಕಂಡ. ನನ್ನ ಮಗನ ಕೈ ಮ್ಯಾಲ ಬರಲಿಲ್ಲ."

ನೀರು ದಂಡೆಗೆ ಬಂದು ಬಂದು ಮುಟ್ಟುತ್ತಿತ್ತು.

"ಅದು ಅವನ ಹಣಿಬರ ಯಕ್ಕಾ," ಎಂದ ಪಾಲಯ್ಯ ಮೆಲ್ಲಗೆ. "ಇಲ್ಲಿ ಮೊಳಕಾಲುದ್ದನ ಐತಿ."

"ಹಣಿಬರದ ಮಾತು ಆಮ್ಯಾಲ. ನೀ ಗೋಡು ತಗದ ತಗ್ಗು ಎಲ್ಲಿ ಐತಿ, ತೋರ್ಸು."

"ಅಗಾ, ಆ ಜಾಲಿಗಿಡದ ಎಡಕ..." ಪಾಲಯ್ಯನ ಎತ್ತಿದ ಕೈ ಹಾಗೇ ನಿಂತಿತು. ಜಾಲಿಗಿಡ ಇರಲಿಲ್ಲ. ಅವನು ಟ್ರ್ಯಾಕ್ಟರ್ ಇಳಿಸಿದ ದಾರಿಯೂ ಇರಲಿಲ್ಲ. ಕಣ್ಣು ಹರಿದಷ್ಟು ದೂರ ಒಂದೇ ಬೂದು ಬಣ್ಣದ ನೀರು.

ಭರಮಮ್ಮ ಬೇಲಿಗೆ ಒರಗಿಸಿದ್ದ ಉದ್ದದ ಬಿದಿರು ಗಳ ತಂದು ಅವನ ಕೈಗೆ ಕೊಟ್ಟಳು. "ದಂಡಿಮ್ಯಾಲ ನಿಂತು ಅಳದು ನೋಡು. ಕಾಲು ಇಡಬ್ಯಾಡ."

ದಂಡೆಯ ಹತ್ತಿರ ಗಳ ಮೊಳಕಾಲುದ್ದವೇ ಮುಳುಗಿತು. ಪಾಲಯ್ಯ ಹೆಂಡತಿಯ ಕಡೆ ನೋಡಿದ. ಕೈ ಚಾಚಿ ಸ್ವಲ್ಪ ಆಚೆ ಊರಿದ. ಗಳ ಜಾರಿತು. ಜಾರುತ್ತಲೇ ಹೋಯಿತು. ಮುಂದಕ್ಕೆ ವಾಲಿದ ಮಾವನ ಅಂಗಿಯನ್ನು ಕನಕರಾಜ ಹಿಂದಿನಿಂದ ಹಿಡಿದುಕೊಂಡ. ಪಾಲಯ್ಯನ ಬೆರಳಿಗೆ ನೀರು ತಾಗಿದ ಮೇಲೆ ಗಳದ ತುದಿ ಏನೋ ಮೆತ್ತಗಿನದರಲ್ಲಿ ಹೂತಿತು.

ಎಳೆದಾಗ ತುದಿಗೆ ಕಪ್ಪು ಮಣ್ಣು ಮೆತ್ತಿತ್ತು. ಪಾಲಯ್ಯ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದ. ಆ ಮಣ್ಣು ಅವನಿಗೆ ಗೊತ್ತು. ಅದನ್ನು ಹೇರಿದ ವರ್ಷ ಅವನ ಹೊಲದಲ್ಲಿ ಜೋಳ ಆಳೆತ್ತರ ಬಂದಿತ್ತು.

"ಇದು ನಾ ತಗದ ತಗ್ಗೇ ಇರಬೇಕು," ಎಂದ. "ಇಲ್ಲಂದ್ರ ನಮ್ಮೂರಾಗ ಇನ್ಯಾರೋ ತಗದದ್ದು."

ಭರಮಮ್ಮ ಅವನ ಕೈಯಿಂದ ಗಳ ತೆಗೆದುಕೊಂಡು ಮತ್ತೆ ಬೇಲಿಗೆ ಒರಗಿಸಿದಳು. ಮೌನೇಶ ಇಳಿದದ್ದು ಎಲ್ಲಿ ಎಂದು ಕೇಳಲು ಪಾಲಯ್ಯನಿಗೆ ಬಾಯಿ ಬರಲಿಲ್ಲ.

ಯಶೋಧಾ ಭರಮಮ್ಮನ ಹತ್ತಿರ ಬಂದು ಕೇಳಿದಳು, "ಉಡಿ ಹೆಂಗ ತುಂಬೋದು ದೊಡ್ಡವ್ವ?"

ಭರಮಮ್ಮ ಹಗ್ಗ ಕಟ್ಟಿದ ಕೊಡವನ್ನು ದಂಡೆಯಿಂದಲೇ ಎಸೆದು ನೀರು ಎಳೆದಳು. ತಂದು ಹೊಂಗೆಯ ಬುಡದಲ್ಲಿ ಇಟ್ಟಳು. "ಕೊಡದಾಗ ಬಂದ ಗಂಗವ್ವ ಬ್ಯಾರಿ ಅಲ್ಲವ್ವ. ಇಲ್ಲೇ ತುಂಬ್ರಿ."

ಹೊಸ ಜೋಡಿ ಅಲ್ಲೇ ಕೂತು ಉಡಿ ತುಂಬಿತು. ಆಮೇಲೆ ಆ ನೀರನ್ನು ಗಿಡಕ್ಕೆ ಹಾಕಿದರು.

ಮರುದಿನ ಪಾಲಯ್ಯ ಗೋಡು ಹೇರಿದ್ದ ಊರವರನ್ನೆಲ್ಲ ಕರೆತಂದ. ತಗ್ಗುಗಳ ಗುರುತು ಯಾರಿಗೂ ಸರಿಯಾಗಿ ಸಿಗಲಿಲ್ಲ. ಅದಕ್ಕೇ ದಂಡೆಯುದ್ದಕ್ಕೂ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಬಗ್ಗಿದ ಬೇಲಿಯನ್ನು ಪಾಲಯ್ಯನೇ ನೆಟ್ಟಗೆ ಮಾಡಿ, ಮುಳುಗುವವರಿಗೆ ಎಸೆಯಲೆಂದು ಉದ್ದದ ಹಗ್ಗವನ್ನೂ ಖಾಲಿ ಕ್ಯಾನನ್ನೂ ಅದಕ್ಕೆ ತೂಗುಹಾಕಿದ.

ಇದನ್ನು ಓದುವ, ಕೇಳುವ ಅಕ್ಕ ಅಣ್ಣಂದಿರೇ, ಒಣಗಿದ್ದಾಗ ಓಡಾಡಿದ ನೆಲ ಎಂದು ತುಂಬಿದ ನೀರಿಗೆ ಇಳಿಯಬೇಡಿ. ನಾವೇ ಅಗೆದ ತಗ್ಗು ನಮಗೇ ಕಾಣುವುದಿಲ್ಲ. ಪೂಜೆಯನ್ನು ದಂಡೆಯ ಮೇಲೆಯೇ ಮಾಡಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬೇಡಿ. ದಂಡೆಯಲ್ಲೇ ಇದ್ದು ಹಗ್ಗ, ಸೀರೆ, ಗಳ, ಖಾಲಿ ಕ್ಯಾನು, ಸಿಕ್ಕಿದ್ದನ್ನು ಚಾಚಿ ಅಥವಾ ಎಸೆಯಿರಿ. ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಮುಂದೆ ಕೆರೆ ಒಣಗಿ ಗೋಡು ತೆಗೆಯುವ ದಿನ ಬಂದರೆ, ಕಡಿದಾದ ತಗ್ಗು ಬಿಡದೆ ಅಂಚನ್ನು ಇಳಿಜಾರು ಮಾಡಿ ಬನ್ನಿ.

ಉದ್ಯಾನಕ್ಕೆ ಹೋಗಿ, ನೆರಳಲ್ಲಿ ಕೂತು ನೀರು ನೋಡಿ. ಬೇಲಿಯ ಹತ್ತಿರ ಭರಮಮ್ಮನಂಥ ಒಬ್ಬಳು "ಇಳೀಬ್ಯಾಡ್ರಿ" ಎಂದರೆ ಹಿಂದಕ್ಕೆ ಬನ್ನಿ. ಯಾಕೆ ಎಂದು ಕೇಳಬೇಡಿ. ಕೇಳಿದರೆ ಅವಳು ಅದನ್ನು ಇನ್ನೊಮ್ಮೆ ಹೇಳಬೇಕಾಗುತ್ತದೆ.